ನಾನೂರ ಮೂವತ್ತೊಂದನೇ ಮರ

ಪುಟ್ಟಗೌರಮ್ಮ ನಮ್ಮ ಕಚೇರಿಗೆ ಬಂದದ್ದು ಸೋಮವಾರ, ಹನ್ನೊಂದರ ಬಸ್ಸಿಗೆ. ಶೆಟ್ಟಿಕೆರೆ ಕಡೆಯವರು, ಅರವತ್ತು ದಾಟಿದವರು. ಕುರ್ಚಿ ತೋರಿಸಿದರೂ ಕೂರದೆ ನನ್ನ ಮೇಜಿನ ಅಂಚಿಗೆ ಎರಡೂ ಕೈ ಊರಿ ನಿಂತರು.

"ನಮ್ ಮರದ ಚೀಟಿ ಕೊಡವ್ವ. ನಾನೂರ ಮೂವತ್ತೊಂದು."

ನಮ್ಮದು ತಾಯಿಮರಗಳ ಸಂಘ. ತಿಪಟೂರಿನ ಸುತ್ತಲಿನ ತೋಟಗಳಲ್ಲಿ ಚೆನ್ನಾಗಿ ಕಾಯಿ ಬಿಡುವ ತೆಂಗಿನ ಮರಗಳನ್ನು ಆರಿಸಿ, ಒಂದೊಂದಕ್ಕೂ ನಂಬರು ಕೊಟ್ಟು, ವರ್ಷಕ್ಕೆ ಎಷ್ಟು ಕಾಯಿ ಕೊಟ್ಟಿತೆಂದು ಬರೆದಿಡುವುದು; ಬಿತ್ತನೆ ಕಾಯಿ ಬೇಕೆಂದು ಬಂದವರಿಗೆ ಇಂಥ ಮರದ್ದು ತೆಗೆದುಕೊಳ್ಳಿ ಎಂದು ಹೇಳುವುದು. ಇಷ್ಟೇ ಕೆಲಸ. ಶುರುವಿನಲ್ಲಿ ಆರುನೂರ ನಲವತ್ತು ಮರಗಳಿದ್ದವು. ಅವಕ್ಕೆಲ್ಲ ಟಾರಿನಲ್ಲಿ ನಂಬರು ಬರೆದವರು ಶ್ರೀರಂಗಯ್ಯ ಎಂಬ ಹಳೆಯ ಗುಮಾಸ್ತರು. ಇಪ್ಪತ್ತು ವರ್ಷಕ್ಕೂ ಮೇಲೆ ಸೈಕಲ್ಲಿನಲ್ಲಿ ತೋಟ ತೋಟ ಅಲೆದು ಲೆಕ್ಕ ತಂದವರೂ ಅವರೇ. ಅವರು ತೀರಿಕೊಂಡು ಮೂರು ವರ್ಷ. ಅವರ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಸೈಕಲ್ ಮಾತ್ರ ಹೊಡೆಯಲು ಬರುವುದಿಲ್ಲ.

ಪುಟ್ಟಗೌರಮ್ಮನವರಿಗೆ ಚೀಟಿ ಬೇಕಾಗಿದ್ದಕ್ಕೆ ಕಾರಣ ಪೈಪು. ಅವರೂರಿನ ಕೆರೆಗೆ ನೀರು ತುಂಬಿಸುವ ಪೈಪು ಅವರ ತೋಟದ ನಡುವೆ ಹೋಗುವುದಿತ್ತು. ಎಂಜಿನಿಯರು ಸುಣ್ಣದ ಗೆರೆ ಎಳೆಸಿದ್ದರು. ಗೆರೆ ನೇರವಾಗಿ ನಾನೂರ ಮೂವತ್ತೊಂದರ ಬುಡದ ಮೇಲೆ ಹಾಯ್ದಿತ್ತು.

"ಗುರುವಾರ ಅಗೆಯೋ ಮಿಷಿನ್ ಬತ್ತದಂತೆ. ಆ ಹುಡ್ಗ ಏನಂತಾನೆ ಅಂದ್ರೆ, 'ಅಜ್ಜಿ, ಎಲ್ರೂ ನಮ್ ಮರ ಒಳ್ಳೇದು ಅಂತಾರೆ, ಸಂಘದೋರು ಬರ್ಕೊಟ್ರೆ ಪೈಪು ತಿರುಗಿಸ್ತೀನಿ' ಅಂತಾನೆ. ನೀವು ಬರ್ಕೊಡಿ. ಅಷ್ಟೇಯ."

ನಾನು ಪುಸ್ತಕ ತೆಗೆದೆ. ಎರಡು ತಿಂಗಳ ಹಿಂದೆ ನಾನೇ ತಯಾರು ಮಾಡಿ, ಅಚ್ಚು ಹಾಕಿಸಿ, ಸದಸ್ಯರಿಗೆಲ್ಲ ಹಂಚಿದ್ದ ಪುಸ್ತಕ. ನಾನೂರ ಮೂವತ್ತೊಂದರ ಎದುರು ಮೊದಲ ನಾಲ್ಕು ವರ್ಷ ನೂರ ಅರವತ್ತು, ನೂರ ಎಪ್ಪತ್ತು ಹೀಗಿತ್ತು. ಐದನೇ ವರ್ಷ ಎಂಬತ್ತೆಂಟಕ್ಕೆ ಇಳಿದಿತ್ತು. ಆಮೇಲೆ ಏರುತ್ತಾ ಇಳಿಯುತ್ತಾ ಬಂದು, ಕೊನೆಯ ವರ್ಷ ಹತ್ತೊಂಬತ್ತು.

ಕಾರ್ಯದರ್ಶಿ ಗಂಗಾಧರ್ ಸರ್ ಬಗ್ಗಿ ನೋಡಿದರು. "ಮರಕ್ಕೆ ವಯಸ್ಸಾಗೈತೆ ಪುಟ್ಟಗೌರಕ್ಕ. ಹತ್ತೊಂಬತ್ತು ಕಾಯಿ ಬಿಡೋ ಮರಕ್ಕೆ ಏನಂತ ಬರ್ಕೊಡ್ಲಿ?"

"ಹತ್ತೊಂಬತ್ತಾ? ಒಂದು ಗೊನೇಲಿ ಹತ್ತೊಂಬತ್ತಾ?"

"ವರ್ಷಕ್ಕೆ."

"ಮುದಿಯಾಗಿರೋಳು ನಾನು ಕಣಪ್ಪ, ಮರ ಅಲ್ಲ. ನೀನೇ ಬಂದು ತಲೆ ಎತ್ತಿ ನೋಡು. ಕತ್ತು ಹಿಡ್ಕತ್ತದೆ, ಹಂಗೆ ಹೊತ್ತು ನಿಂತೈತೆ."

"ಎಲ್ಲಾ ಹಂಗೇ ಅಂತಾರೆ ಅಕ್ಕ. ನಾನು ಕಣ್ಣಲ್ಲಿ ನೋಡಿ ಬರೆಯೋಕಾಗಲ್ಲ, ಕಾಗದ ಏನು ಹೇಳ್ತದೋ ಅದನ್ನ ಬರೀಬೇಕು."

ಆಗ ಅವರು ನನ್ನ ಕಡೆ ತಿರುಗಿದರು. "ಇದನ್ನ ಮಾಡಿದ್ದು ನೀನೇ ಏನವ್ವ?"

ತಲೆಯಾಡಿಸಿದೆ.

"ಸರಿಯಾಗೈತಾ?"

ಯಾರಾದರೂ ನೆಟ್ಟಗೆ ನೋಡಿ ಪ್ರಶ್ನೆ ಕೇಳಿದರೆ ನನಗೆ ಬೇಗ ಮುಗಿಯಲಿ ಎಂಬ ಆಸೆ ಮಾತ್ರ ಇರುತ್ತದೆ. "ಹೂಂ" ಎಂದುಬಿಟ್ಟೆ.

ಅವರು ಸೆರಗು ಕೊಡವಿಕೊಂಡು ಹೊರಟರು. ಬಾಗಿಲಲ್ಲಿ ನಿಂತು ಯಾರಿಗೂ ಅಲ್ಲವೆಂಬಂತೆ, "ಶ್ರೀರಂಗಯ್ಯ ಇದ್ದಿದ್ರೆ ಕೇಳ್ಬೋದಿತ್ತು" ಎಂದರು.

ನಾನು ದಿನಚರಿ ಬರೆಯುವುದು ಸಾದಾ ನೋಟ್‌ಬುಕ್ಕಿನಲ್ಲಿ. ತಾರೀಕು ಹಾಕುವುದಿಲ್ಲ, ದಿನಕ್ಕೊಂದು ಪುಟ; ಪುಟ ಎಣಿಸಿದರೆ ದಿನ ಸಿಗುತ್ತದೆ. ಬರೆಯಲಾಗದ ದಿನ ಆ ಪುಟವನ್ನು ಹಾಗೇ ಬಿಡುತ್ತೇನೆ. ಆ ಸೋಮವಾರದ ಪುಟ ಹಾಗೇ ಉಳಿಯಿತು.

ಪುಸ್ತಕ ಮಾಡಿದ್ದು ಹೇಗೆಂದು ಇಲ್ಲಿ ಹೇಳಲೇಬೇಕು. ಶ್ರೀರಂಗಯ್ಯನವರ ಕಂಪ್ಯೂಟರು ಕಚೇರಿಯ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ಕೂತಿತ್ತು. ಅದರಲ್ಲಿ ವರ್ಷಕ್ಕೊಂದು ಫೈಲು. ಫೈಲೆಂದರೆ ಬರೀ ಸಾಲುಗಳು. ಒಂದು ಮರಕ್ಕೆ ಒಂದು ಸಾಲು, ಅದರಲ್ಲಿ ಆ ವರ್ಷದ ಕಾಯಿ. ಮರದ ನಂಬರು ಎಲ್ಲೂ ಬರೆದಿಲ್ಲ. ಮೊದಲನೇ ಸಾಲು ಮೊದಲನೇ ಮರ, ನಲವತ್ತನೇ ಸಾಲು ನಲವತ್ತನೇ ಮರ. ಅದನ್ನು ಓದಲು ಅವರು ಹಳೆಯ ಬೇಸಿಕ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದುಕೊಂಡಿದ್ದರು. ಆ ಭಾಷೆಯ ಹೆಸರನ್ನು ಕಾಲೇಜಿನಲ್ಲಿ ಮೇಷ್ಟ್ರು ನಗುತ್ತಾ ಹೇಳಿದ್ದರೇ ಹೊರತು ಕಲಿಸಿರಲಿಲ್ಲ. ನಾನೇ ಹದಿನೈದು ದಿನ ಕೂತು, ಒಂದೊಂದು ಪದವನ್ನೂ ತಡವಿ ತಡವಿ ಅರ್ಥ ಮಾಡಿಕೊಂಡೆ.

ಅದರ ನಡೆ ನನಗೆ ಇಷ್ಟವಾಗಿತ್ತು. ಡಿಸ್ಕಿನಿಂದ ಇಡೀ ಫೈಲನ್ನು ಒಂದೇ ಉಸಿರಿಗೆ ಎತ್ತಿಕೊಳ್ಳುತ್ತದೆ. ಸಾಲು ಮುಗಿದಲ್ಲೆಲ್ಲ ಒಂದು ಗುರುತು ಇಡುತ್ತದೆ. ಆಮೇಲೆ ಒಂದೊಂದು ಸಾಲನ್ನೂ ಒಂದೊಂದು ಖಾನೆಗೆ ಇಳಿಸುತ್ತಾ ಹೋಗುತ್ತದೆ. ಖಾನೆಗಳ ಆ ಉದ್ದನೆಯ ಪೆಟ್ಟಿಗೆಯನ್ನು ಕಂಪ್ಯೂಟರ್ ಓದಿದವರು ಇಂಗ್ಲಿಷಿನಲ್ಲಿ 'ಅರೇ' ಎನ್ನುತ್ತಾರೆ. ಎಲ್ಲ ವರ್ಷದ ಪೆಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಮರದ ಇಡೀ ಆಯುಸ್ಸು ಅಡ್ಡಸಾಲಿನಲ್ಲಿ ಕಾಣುತ್ತದೆ.

ಒಂದು ಮಾತ್ರ ಇಷ್ಟವಾಗಿರಲಿಲ್ಲ. ಫೈಲುಗಳ ನಡುನಡುವೆ ಖಾಲಿ ಸಾಲುಗಳಿದ್ದವು. ಮೊದಲ ನಾಲ್ಕು ವರ್ಷ ಒಂದೂ ಇಲ್ಲ. ಆಮೇಲೆ ಒಂದು, ಮೂರು, ಏಳು, ಬರುಬರುತ್ತಾ ಹೆಚ್ಚಿದ್ದವು. ಕಣ್ಣು ಮಂಜಾದ ಮುದುಕರು ಎಂಟರ್ ಕೀ ಎರಡು ಸಲ ಒತ್ತಿರಬೇಕು ಎಂದುಕೊಂಡೆ. ಅವರ ಪ್ರೋಗ್ರಾಮಿಗೆ ನನ್ನದೊಂದು ಸಾಲು ಸೇರಿಸಿದೆ: ಸಾಲು ಖಾಲಿಯಿದ್ದರೆ ಬಿಟ್ಟು ಮುಂದಕ್ಕೆ ಹೋಗು. ಅಚ್ಚುಕಟ್ಟಾಯಿತು. ಕೊನೆಯ ವರ್ಷಕ್ಕೆ ಐನೂರ ಎಪ್ಪತ್ತೊಂದು ಸಾಲು ಉಳಿಯಿತು. ಆ ವರ್ಷದ ಸಂಘದ ವರದಿಯಲ್ಲೂ ಬದುಕಿರುವ ಮರಗಳು ಐನೂರ ಎಪ್ಪತ್ತೊಂದು ಎಂದೇ ಇತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? 'ಪರಿಶೀಲಿಸಲಾಗಿದೆ' ಎಂದು ಬರೆದು ಕೆಳಗೆ ಸಹಿ ಹಾಕಿದೆ. ಯೋಗಿತಾ ಈ., ಬಿ.ಎಸ್ಸಿ.

ಪುಸ್ತಕ ಹಂಚಿದ ಮೇಲೆ ಗೊಣಗಿದವರು ಇದ್ದರು. ತಮ್ಮ ಮರಕ್ಕೆ ಕಡಿಮೆ ಬಂದಿದೆಯೆಂದವರಿಗೆ ಗಂಗಾಧರ್ ಸರ್, "ಕಂಪ್ಯೂಟರ್‌ಗೆ ನಿಮ್ಮೇಲೇನು ದ್ವೇಷವಾ?" ಎನ್ನುತ್ತಿದ್ದರು. ಜಾಸ್ತಿ ಬಂದವರು ಒಬ್ಬರೂ ದೂರಲಿಲ್ಲ. ಸರ್ ಅವರದೇ ಮರ, ಇನ್ನೂರ ಎಂಟು, ಕೊನೆಯ ವರ್ಷ ನೂರ ತೊಂಬತ್ತೆರಡು ಕಾಯಿಯೊಂದಿಗೆ ಪುಸ್ತಕಕ್ಕೇ ಮೊದಲು ಬಂದಿತ್ತು. ಅದಕ್ಕೆ ಮಾದರಿ ಮರವೆಂದು ಹಳದಿ ಬೋರ್ಡು ಹೊಡೆಸಿದ್ದರು.

ಬುಧವಾರ ಬೆಳಿಗ್ಗೆ ಹೊನ್ನವಳ್ಳಿಯ ನಮ್ಮ ತೋಟದಲ್ಲಿ ಕಾಯಿ ಕೆಡವುತ್ತಿದ್ದರು. ಬಸ್ಸಿಗೆ ಇನ್ನೂ ಹೊತ್ತಿತ್ತು; ಅಪ್ಪನಿಗೆ ಕಾಫಿ ಕೊಡಲು ಹೋಗಿದ್ದೆ. ಮರ ಹತ್ತುವ ಲಕ್ಕಯ್ಯ ಇನ್ನೊಂದು ಮರದಿಂದ ಆಗ ತಾನೇ ಇಳಿದಿದ್ದ.

"ಲಕ್ಕಯ್ಯ, ನಾಕನೇ ಸಾಲಲ್ಲಿ ಒಂಬತ್ತನೇದು ಬುಡು. ಬರೀ ಎಳೇವೇ ಅವೆ" ಎಂದು ಅಪ್ಪ ಕೂಗಿದರು.

ಲಕ್ಕಯ್ಯ ತಲೆಯಾಡಿಸಿ, ಆ ಸಾಲಿನ ಒಂದು ಮರವನ್ನು ದಾಟಿ ಮುಂದಿನದಕ್ಕೆ ಹೋದ. ನಾನು ಸುಮ್ಮನೆ ಎಣಿಸಿದೆ. ದಾಟಿದ್ದು ಏಳನೆಯದು.

"ಅಪ್ಪಾ, ಅವನು ಬಿಟ್ಟಿದ್ದು ಏಳನೇದು."

ಲಕ್ಕಯ್ಯ ಸೊಂಟದ ಮಚ್ಚು ಸರಿಮಾಡಿಕೊಳ್ಳುತ್ತಾ ನಕ್ಕ. "ಈರಣ್ಣಾ, ನಿನ್ ಮಗಳಿಗೆ ಡಿಗ್ರಿ ಮಾಡ್ಸಿದ್ದು ದಂಡ ಕಣಣ್ಣ. ಅಲ್ಲವ್ವಾ, ಸತ್ತೋರ್ನ ಬುಟ್ಟು ಎಣಿಸ್ತಾರಾ? ಮೂರನೇದಕ್ಕೆ ಸಿಡ್ಲು ಹೊಡೀತು. ಐದನೇದು ಸುಳಿ ಕೊಳ್ತೋಯ್ತು. ಅವು ಹೋದ್ರೂ ಜಾಗ ಅವ್ರದ್ದೇ ಅಲ್ವಾ? ಸತ್ತಂಗೆಲ್ಲ ಎಣಿಕೆ ಬದಲಾಯಿಸ್ಕೊಂಡ್ರೆ ಯಾವ್ ಮರದ ಸುದ್ದಿ ಯಾವ್ ಮರದ್ದು ಅಂತ ಹೆಂಗವ್ವ ಗೊತ್ತಾಯ್ತದೆ?"

"ಚಿಕ್ಕೋಳಿದ್ದಾಗ ಸರಿಯಾಗೇ ಎಣಿಸ್ತಿದ್ಲು" ಎಂದರು ಅಪ್ಪ, ಕಾಫಿ ಊದುತ್ತಾ.

ನಿಜ. ಚಿಕ್ಕವಳಿದ್ದಾಗ ಅಪ್ಪನ ಹಿಂದೆ ಓಡಾಡುತ್ತಾ, ಮರವಿಲ್ಲದ ಕಡೆಯಲ್ಲೂ ಒಂದು ಹೆಜ್ಜೆ ನಿಂತು, ಆ ಸಂಖ್ಯೆಯನ್ನು ಜೋರಾಗಿ ಹೇಳಿ ಮುಂದೆ ಹೋಗುತ್ತಿದ್ದೆ. ಆ ಸಾಲಿನ ಎರಡು ಖಾಲಿ ಜಾಗಗಳನ್ನು ನೋಡಿದೆ. ಶ್ರೀರಂಗಯ್ಯ ಎಂಟರ್ ಕೀ ತಪ್ಪಿ ಒತ್ತಿರಲಿಲ್ಲ. ಮರ ಸತ್ತ ವರ್ಷದಿಂದ ಅದರ ಸಾಲನ್ನು ಖಾಲಿ ಬಿಡುತ್ತಾ ಬಂದಿದ್ದರು, ಅದರ ನಂತರದ ಮರಗಳು ತಮ್ಮ ಜಾಗದಲ್ಲೇ ಇರಲೆಂದು. ನಾನು ಸತ್ತವರ ಜಾಗವನ್ನು ತೆಗೆದಿದ್ದೆ. ಬದುಕಿದ್ದವರೆಲ್ಲ ಒಬ್ಬರ ಮೇಲೊಬ್ಬರು ಸರಿದು ಇನ್ನೊಬ್ಬರ ಮನೆಯಲ್ಲಿ ಕೂತಿದ್ದರು. ನನ್ನ ದಿನಚರಿಯ ಖಾಲಿ ಪುಟಗಳನ್ನು ಯಾರಾದರೂ ಅಚ್ಚುಕಟ್ಟು ಮಾಡುತ್ತೇನೆಂದು ಹರಿದಿದ್ದರೆ, ಅಪ್ಪನ ಆಪರೇಷನ್ ಆದ ದಿನ ಯಾವುದೆಂದು ನನಗೇ ಗೊತ್ತಾಗುತ್ತಿರಲಿಲ್ಲ.

ಒಂಬತ್ತೂವರೆಗೆ ಕಚೇರಿ ಬೀಗ ತೆಗೆದೆ. ಗೋಣಿಚೀಲ ಸರಿಸಿ ಕಂಪ್ಯೂಟರು ಹಾಕಿದೆ. ಅದು ಏಳುವುದಕ್ಕೆ ಐದು ನಿಮಿಷ ಬೇಕು. ಅಷ್ಟರಲ್ಲಿ ನಾನು ಬೆರಳಿನ ಉಗುರೆಲ್ಲ ಕಚ್ಚಿದ್ದೆ. ನಾನು ಸೇರಿಸಿದ್ದ ಆ ಒಂದು ಸಾಲನ್ನು ಅಳಿಸಿ ಮತ್ತೆ ಓದಿಸಿದೆ. ಈ ಸಲ ಎಲ್ಲ ವರ್ಷಕ್ಕೂ ಆರುನೂರ ನಲವತ್ತು ಖಾನೆ, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೆಲವು ಖಾಲಿ. ಮೊದಲ ಖಾಲಿ ಬಿದ್ದದ್ದು ಹದಿನೇಳನೇ ಮರಕ್ಕೆ, ಐದನೇ ವರ್ಷ.

ನಾನೂರ ಮೂವತ್ತೊಂದು: ನೂರ ಅರವತ್ತೆರಡು, ನೂರ ಎಪ್ಪತ್ತು, ನೂರ ಐವತ್ತೊಂಬತ್ತು. ಎಲ್ಲೂ ನೂರ ನಲವತ್ತಕ್ಕೆ ಇಳಿದಿರಲಿಲ್ಲ. ಕೊನೆಯ ವರ್ಷ ನೂರ ಎಂಬತ್ತಮೂರು.

ಆಮೇಲೆ ಇನ್ನೂರ ಎಂಟನ್ನೂ ನೋಡಿದೆ. ನೋಡಬಾರದಿತ್ತು ಅನಿಸಿತು.

ಗಂಗಾಧರ್ ಸರ್ ಹತ್ತು ಗಂಟೆಗೆ ಬಂದು, ಚಪ್ಪಲಿ ಬಿಟ್ಟು, ದೇವರ ಪಟಕ್ಕೆ ಊದುಬತ್ತಿ ಹಚ್ಚಿದರು. ಅಲ್ಲಿಯವರೆಗೂ ಕಾದೆ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಎಂಟು ಸಲ ಹೇಳಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ.

"ಸರ್, ಪುಸ್ತಕ ತಪ್ಪಾಗಿದೆ."

"ಯಾವ ಪುಟ?"

"ಹದಿನೇಳನೇ ಮರದಿಂದ ಆಚೆಗೆ... ಎಲ್ಲಾ."

ಅವರು ಊದುಬತ್ತಿ ಹಿಡಿದುಕೊಂಡೇ ತಿರುಗಿದರು. ನಾನು ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟು, ಹಳೆಯದು, ಹೊಸದು, ಖಾಲಿ ಸಾಲು, ನಾನು ಮಾಡಿದ್ದು ಎಲ್ಲ ಹೇಳಿದೆ. ಹಾಳೆಯನ್ನೇ ನೋಡುತ್ತಾ ಹೇಳಿದ್ದರಿಂದ ಹೇಳಲಾಯಿತು. ಊದುಬತ್ತಿಯ ಬೂದಿ ನೆಲಕ್ಕೆ ಬಿತ್ತು.

"ನಂದು?" ಎಂದರು.

"ನಲವತ್ತೊಂದು, ಸರ್."

ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಮ್ಮನೇಲಿ ಅವಳು ದಿನಾ ಹೇಳೋಳು. ಚಟ್ನಿಗೆ ಸಾಲೋಷ್ಟು ಕಾಯಿಲ್ಲ ಈ ಮರದಲ್ಲಿ, ಇದಕ್ಕ್ಯಾಕ್ರೀ ಬೋರ್ಡು ಅಂತ. ನಾನು, ಕಾಗದದಲ್ಲಿ ಐತೆ ಕಣೇ ಸುಮ್ನಿರು ಅಂತಿದ್ದೆ." ಅವರು ನಗುತ್ತಾರೇನೋ ಎಂದುಕೊಂಡೆ. ನಗಲಿಲ್ಲ. "ಮನೇ ಮುಂದೆ ಇರೋ ಮರ. ದಿನಾ ಕಣ್ಣಲ್ಲಿ ನೋಡ್ತಿದ್ದೆ."

ಆಮೇಲೆ ನಿಟ್ಟುಸಿರಿಟ್ಟು, "ಸಾಧಾರಣ ಮರ ಅಂತ ಆ ಎಂಜಿನಿಯರಿಗೆ ನಿನ್ನೇನೇ ಪತ್ರ ಕಳಿಸಿಬಿಟ್ಟೆ. ಫೋನ್ ಮಾಡಿದ್ರೆ ನಂಬಲ್ಲ. ಹೊಸ ಪತ್ರ ಬರ್ಕೊಡ್ತೀನಿ, ನಾಳೆ ಬೆಳಿಗ್ಗೆ ನೀನೇ ತಗೊಂಡು ಹೋಗು."

"ನಾನಾ, ಸರ್?"

"ಎರಡು ಪತ್ರ ಯಾಕೆ ಅಂತ ಕೇಳ್ತಾರೆ. ನಾನು ಏನಂತ ಹೇಳ್ಲಿ? ನಂಗೆ ಆ ಖಾನೆ ಗೀನೆ ಅರ್ಥ ಆಗಲ್ಲ. ಮಾಡಿದೋಳು ನೀನು, ನೀನೇ ಹೇಳ್ಬೇಕಮ್ಮ." ಗದರಿರಲಿಲ್ಲ. ಗದರಿದ್ದರೆ ಸುಲಭವಾಗುತ್ತಿತ್ತು.

ಗುರುವಾರ ಶೆಟ್ಟಿಕೆರೆಯ ಬಸ್ಸಿನಲ್ಲಿ ಕಿಟಕಿಯ ಹೊರಗೆ ತೋಟಗಳು ಸಾಲುಸಾಲಾಗಿ ಹಿಂದಕ್ಕೆ ಹೋಗುತ್ತಿದ್ದವು. ಎಲ್ಲ ಸಾಲುಗಳಲ್ಲೂ ನನಗೆ ಖಾಲಿ ಜಾಗಗಳೇ ಕಾಣುತ್ತಿದ್ದವು.

ಪುಟ್ಟಗೌರಮ್ಮನವರ ತೋಟಕ್ಕೆ ಅಗೆಯುವ ಯಂತ್ರ ಆಗಲೇ ಬಂದು ನಿಂತಿತ್ತು. ಬೇಲಿಯ ಕಡೆಯಿಂದ ಅಗೆಯುತ್ತಾ ಬಂದು, ನಾಲ್ಕು ಮರದಷ್ಟು ದೂರದಲ್ಲಿತ್ತು. ಅವರು ನಾನೂರ ಮೂವತ್ತೊಂದರ ಬುಡದಲ್ಲಿ ಕಾಲು ಚಾಚಿ ಕೂತು, ಯಂತ್ರಕ್ಕೂ ತಮಗೂ ಸಂಬಂಧವೇ ಇಲ್ಲವೆಂಬಂತೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ತಲೆ ಎತ್ತಿ ನೋಡಿದೆ. ಕತ್ತು ಹಿಡಿಯಿತು.

"ಏನವ್ವ, ಹತ್ತೊಂಬತ್ತು ಕಾಯಿ ನೋಡೋಕೆ ಬಂದ್ಯಾ?"

"ಅಜ್ಜಿ, ತಪ್ಪು ನಂದು. ನೂರ ಎಂಬತ್ತಮೂರು."

ಅವರು ಅಗಿಯುವುದು ನಿಲ್ಲಿಸಿ ನನ್ನ ಮುಖ ನೋಡಿದರು. ಎಂಜಿನಿಯರು ಇದ್ದ ಕಡೆಗೆ ಗಲ್ಲ ಎತ್ತಿ ತೋರಿಸಿದರು, ಅಲ್ಲಿ ಹೇಳು ಎಂಬಂತೆ.

ಎಂಜಿನಿಯರು ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬಹುದು. ಪತ್ರ ಓದಿದರು. ಜೇಬಿನಿಂದ ಇನ್ನೊಂದು ಪತ್ರ ತೆಗೆದು ಪಕ್ಕದಲ್ಲಿ ಹಿಡಿದರು. "ಮೊನ್ನೆ ಸಾಧಾರಣ ಮರ. ಇವತ್ತು ಉತ್ತಮ ತಾಯಿಮರ. ಎರಡೇ ದಿನದಲ್ಲಿ ಏನ್ ಗೊಬ್ಬರ ಹಾಕಿದ್ರಿ?"

ಯಂತ್ರದವರು ನಕ್ಕರು. ಹಾಳೆ ಬಿಡಿಸಿ ಅವರ ಮುಂದೆ ಹಿಡಿದೆ. ಖಾಲಿ ಬಿಟ್ಟಿದ್ದು ಸತ್ತ ಮರಗಳು ಎಂದೆ. ಅವನ್ನು ನಾನು ತೆಗೆದದ್ದರಿಂದ ಬೇರೆ ಮರಗಳ ಲೆಕ್ಕ ಈ ಮರದ ಮೇಲೆ ಬಂದು ಕೂತಿತ್ತು ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನಗು ನಿಂತಿತ್ತು. ಎಂಜಿನಿಯರು ಹಾಳೆಯನ್ನು ಕೈಗೆ ತೆಗೆದುಕೊಂಡು ಬೆರಳಿಟ್ಟು ಓದಿದರು.

"ಸರಿ. ಒಪ್ಪಿದೆ. ಆದ್ರೆ ತಿರುಗಿಸೋದು ಎಲ್ಲಿಗೆ? ಎರಡು ಮರದ ಮಧ್ಯೆ ಅಗೆದ್ರೆ ಎರಡರ ಬೇರೂ ಹೋಗ್ತವೆ. ಯಂತ್ರದ ಕೈ ತಿರುಗೋಕೂ ಜಾಗ ಬೇಕು. ಆ ಕಡೆ ಮರ ಇದೆ. ಈ ಕಡೆ ಹುಲ್ಲಿನ ಮೆದೆ ಇದೆ."

ನಾನು ಹಾಳೆ ನೋಡಿದೆ. ನಾನೂರ ಮೂವತ್ತೊಂದರ ಮೇಲಿನ ಸಾಲು. ಹನ್ನೊಂದು ವರ್ಷ ಸಂಖ್ಯೆಗಳು; ಆಮೇಲೆ ಬರೀ ಬಿಳುಪು.

"ಮೆದೆ ಇರೋ ಕಡೆ ಮರ ಇಲ್ಲ, ಸರ್. ನಾನೂರ ಮೂವತ್ತು. ಅದು ಖಾಲಿ."

ಎಲ್ಲರೂ ಹುಲ್ಲಿನ ಮೆದೆಯ ಕಡೆ ನೋಡಿದರು. ಮರದ ಜಾಗದಲ್ಲೇ, ಮರದಷ್ಟೇ ಜಾಗ ಹಿಡಿದು ಕೂತಿತ್ತು ಅದು.

"ಅದು ನಮ್ಮತ್ತೆ ನೆಟ್ಟಿದ್ದ ಮರ" ಎಂದರು ಪುಟ್ಟಗೌರಮ್ಮ, ಕೂತಲ್ಲಿಂದಲೇ. "ಅದು ಹೋದ ಮೇಲೆ ಅಲ್ಲಿ ಏನೂ ನೆಟ್ಟಿಲ್ಲ ನಾನು. ಮಕ್ಳು ಬಾಳೆ ಹಾಕ್ತೀವಿ ಅಂದ್ರು, ಬ್ಯಾಡ ಅಂದೆ. ಆ ಶ್ರೀರಂಗಯ್ಯನೂ ಬಂದಾಗೆಲ್ಲ ಅಲ್ಲಿ ಒಂದು ಗಳಿಗೆ ನಿಂತೇ ಮುಂದಕ್ಕೆ ಹೋಗೋನು."

ಎಂಜಿನಿಯರು ಕಾದರು. ಯಂತ್ರ ಗುರುಗುಡುತ್ತಿತ್ತು. ಮೆದೆ ಹೋಗುವುದು ದೊಡ್ಡ ಮಾತಲ್ಲ. ಆದರೆ ಯಾರೂ ಮೆದೆಯ ಬಗ್ಗೆ ಮಾತಾಡುತ್ತಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಪುಟ್ಟಗೌರಮ್ಮ ಮರಕ್ಕೆ ಕೈ ಆನಿಸಿಕೊಂಡು ಎದ್ದರು. ಟಾರಿನ ನಂಬರಿನ ಮೇಲೆ ಅಂಗೈ ಇತ್ತು.

"ನೀರು ತಾನೇ ಹೋಗೋದು ಅದ್ರಲ್ಲಿ?"

"ಹೂಂ ಅಜ್ಜಿ, ನೀರೇ."

"ಹೋಗ್ಲಿ ಬುಡು ಹಂಗಾರೆ. ಮೆದೆ ಈ ಕಡೆಗೆ ಹಾಕ್ಕೊಡ್ಬೇಕು ನೀವೇ. ಸುಮ್ನೆ ಬಿಸಾಕಿ ಹೋದೀರ!"

ಹೊಸ ಸುಣ್ಣದ ಗೆರೆ ಎಳೆಯುವಾಗ ನಾನು ನೆರಳಲ್ಲಿ ನಿಂತಿದ್ದೆ. ಗೆರೆ ನೇರವಾಗಿ ಬಂದು, ಒಂದು ಕಡೆ ಬಾಗಿ, ಮೆದೆಯಿದ್ದ ಜಾಗದ ನಡುವೆ ಹಾದು ಮತ್ತೆ ನೇರವಾಯಿತು. ಪುಟ್ಟಗೌರಮ್ಮ ಪಕ್ಕಕ್ಕೆ ಬಂದು ನಿಂತರು.

"ಈಗ ಆ ಸಾಲು ಅಳಿಸ್ಬುಡ್ತೀಯಾ? ಪೈಪು ಬಂತಲ್ಲ."

"ಇಲ್ಲಜ್ಜಿ. ಹಂಗೇ ಇರುತ್ತೆ. ಖಾಲಿ."

ಅವರು ತಲೆಯಾಡಿಸಿದರು. ಬಸ್ಸಿಗೆ ಹೊರಟಾಗ ಚೀಲದಲ್ಲಿ ಐದು ಕಾಯಿ ಹಾಕಿ ಕೊಟ್ಟರು, ಬೇಡವೆಂದರೂ ಕೇಳಲಿಲ್ಲ.

"ಐದು ಐತೆ. ಮನೇಗೋಗಿ ನಾಕೇ ಕೊಟ್ಟವ್ಳೆ ಅಂತ ಬರ್ಕೋಬ್ಯಾಡ. ಸರಿಯಾಗೈತಾ?"

ನಾನು ಚೀಲ ಬಿಚ್ಚಿ, ಒಂದೊಂದನ್ನೂ ಮುಟ್ಟಿ ಎಣಿಸಿದೆ. ಆಮೇಲೆ "ಹೂಂ" ಎಂದೆ.